ನೀರೂ ಹಾರ್ಡ್, ವಜ್ರವೂ ಹಾರ್ಡ್!

ಮಕ್ಕಳೇ, ಹೋದ ಬೇಸಿಗೆ ರಜೆಯಲ್ಲಿ ನನ್ನ ಅಕ್ಕನ ಮಗಳು ಕೋಲಾರದ ಕಡೆಯ ನಮ್ಮ ಹಳ್ಳಿಗೆ ಬಂದಿದ್ದಳು. ಆರನೇ ತರಗತಿ ಮುಗಿಸಿ ಏಳಕ್ಕೆ ಹೋಗುವವಳು. ಯಾರ ಹತ್ತಿರವೋ ಒಂದು ಇಂಗ್ಲಿಷ್ ವಿಜ್ಞಾನ ಪುಸ್ತಕ ಇಸಕೊಂಡು ಬಂದಿದ್ದಳು. ಬೆಳಗ್ಗೆ ಜಗಲಿಯ ಮೇಲೆ ಕೂತು ಪುಟ ತಿರುವುತ್ತಿದ್ದವಳು ಇದ್ದಕ್ಕಿದ್ದಂತೆ ಕೂಗಿದಳು:

“ಚಿಕ್ಕಮ್ಮಾ, ಹಾರ್ಡ್ ಅಂದ್ರೆ ಗಟ್ಟಿ ಅಲ್ವಾ?”

“ಹೌದು.”

“ನೀರು ಗಟ್ಟಿಯಾದ್ರೆ ಐಸ್ ಆಗುತ್ತೆ. ಇಲ್ಲಿ ನೋಡಿದ್ರೆ ‘ಹಾರ್ಡ್ ವಾಟರ್’ ಅಂತ ಬರೆದು, ನಲ್ಲಿಯಿಂದ ನೀರು ಬೀಳೋ ಚಿತ್ರ ಹಾಕಿದ್ದಾರೆ. ಗಟ್ಟಿ ನೀರು ಹೇಗೆ ಹರಿಯುತ್ತೆ?”

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅಜ್ಜಿಯ ದನಿ ಬಂತು: “ನೋಡೇ, ಇವತ್ತೂ ಬೇಳೆ ಬೆಂದಿಲ್ಲ. ಐದು ವಿಷಲ್ ಕೂಗಿಸಿದೀನಿ. ಈ ಬೋರ್‌ವೆಲ್ ನೀರಲ್ಲಿ ಎಷ್ಟು ಕೂಗಿಸಿದ್ರೂ ಅಷ್ಟೇ!”

ಪ್ರಶ್ನೆ ಜಗಲಿಯಲ್ಲಿ ಹುಟ್ಟಿತ್ತು, ಉತ್ತರ ಅಡುಗೆಮನೆಯಲ್ಲಿ ಕಾಯುತ್ತಿತ್ತು.

ಆ ಪುಸ್ತಕದ ತುಂಬ ‘ಹಾರ್ಡ್’ ಎಂಬ ಪದ ಚೆಲ್ಲಾಡಿತ್ತು. ಕಲ್ಲು ಹಾರ್ಡ್, ನೀರು ಹಾರ್ಡ್, ಪೆನ್ಸಿಲ್ ಹಾರ್ಡ್, ಮರ ಹಾರ್ಡ್, ಕಂಪ್ಯೂಟರಿನೊಳಗಿನ ಡಿಸ್ಕ್ ಹಾರ್ಡ್, ಎಕ್ಸ್‌ರೇ ಕೂಡ ಹಾರ್ಡ್. ಕೊನೆಗೆ ಪಾಠದ ಹಿಂದಿನ ಪ್ರಶ್ನೆಯೂ ಹಾರ್ಡ್! ಒಂದೇ ಪದಕ್ಕೆ ಇಷ್ಟೊಂದು ಕೆಲಸ ಕೊಟ್ಟರೆ ಓದುವ ಮಕ್ಕಳು ತಬ್ಬಿಬ್ಬಾಗುವುದು ಸಹಜ. ಅದಕ್ಕೆ ಅವಳ ಕೈಗೆ ಒಂದು ಕೀಲಿಕೈ ಕೊಟ್ಟೆ. ಅದನ್ನೇ ನಿಮಗೂ ಕೊಡುತ್ತೇನೆ. ‘ಹಾರ್ಡ್’ ಎಂಬ ಪದ ಎಲ್ಲಿ ಸಿಕ್ಕಿದರೂ ಒಂದು ಪ್ರಶ್ನೆ ಕೇಳಿ: ಇದು ಯಾವುದಕ್ಕೆ ಮಣಿಯುವುದಿಲ್ಲ?

ಸೋಪಿಗೆ ಮಣಿಯದ ನೀರು

ಮೊದಲು ನೀರಿನಿಂದಲೇ ಶುರು ಮಾಡೋಣ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಇದಕ್ಕೆ ‘ಗಡಸು ನೀರು’ ಎನ್ನುತ್ತಾರೆ. ಹಳ್ಳಿಯಲ್ಲಿ ‘ಉಪ್ಪು ನೀರು’ ಎಂದುಬಿಡುತ್ತಾರೆ. ಮುಟ್ಟಿದರೆ ಇದೂ ಬೇರೆ ನೀರಿನಷ್ಟೇ ತೆಳ್ಳಗೆ, ತಣ್ಣಗೆ ಇರುತ್ತದೆ. ಆದರೆ ಕೈಗೆ ಸೋಪು ಹಚ್ಚಿಕೊಂಡು ಈ ನೀರಲ್ಲಿ ಉಜ್ಜಿ ನೋಡಿ. ನೊರೆಯೇ ಬಾರದು. ಬಕೆಟ್ಟಿನ ಅಂಚಿಗೆ ಬಿಳಿಯ ಗಸಿ ಕೂರುತ್ತದೆ. ಈ ನೀರು ಸೋಪಿಗೆ ಮಣಿಯುವುದಿಲ್ಲ. ಅದಕ್ಕೇ ಅದು ಹಾರ್ಡ್.

ಏಕೆ ಮಣಿಯುವುದಿಲ್ಲ? ಮಳೆಯ ನೀರು ಮೋಡದಿಂದ ಇಳಿಯುವಾಗ ಬಹುಮಟ್ಟಿಗೆ ಬರಿಯ ನೀರಾಗಿರುತ್ತದೆ. ನೆಲಕ್ಕೆ ಬಿದ್ದು ಮಣ್ಣಿನೊಳಗೆ ಇಳಿಯುವಾಗ ಅಲ್ಲಿನ ಬೇರುಗಳೂ ಸಣ್ಣ ಜೀವಿಗಳೂ ಬಿಟ್ಟ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಕರಗಿಸಿಕೊಳ್ಳುತ್ತದೆ. ಹಾಗೆ ಕರಗಿಸಿಕೊಂಡ ನೀರಿಗೆ ಸ್ವಲ್ಪ ಹುಳಿಯ ಗುಣ ಬರುತ್ತದೆ. ಕಲ್ಲಿನ ಸಂದುಗಳಲ್ಲಿ ವರ್ಷಗಟ್ಟಲೆ ಕೂತು, ಆ ಕಲ್ಲಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಂಬ ಲೋಹಗಳ ಲವಣಗಳನ್ನು ಅದು ಮೆಲ್ಲಗೆ ಕರಗಿಸಿಕೊಳ್ಳುತ್ತದೆ. ಆಳದ ಬೋರ್‌ವೆಲ್ಲಿನಿಂದ ಮೇಲೆತ್ತಿದ ನೀರಿನಲ್ಲಿ ಈ ಲವಣಗಳು ಹೆಚ್ಚಾಗಿರುವುದು ಇದೇ ಕಾರಣಕ್ಕೆ.

ಇನ್ನು ಸೋಪಿನ ಕಡೆ ಬನ್ನಿ. ಸೋಪಿನ ಒಂದೊಂದು ಅಣುವೂ ಪುಟ್ಟ ಗೊದಮೊಟ್ಟೆಯಂತೆ. ಒಂದು ತಲೆ, ಒಂದು ಉದ್ದನೆಯ ಬಾಲ. ತಲೆಗೆ ನೀರೆಂದರೆ ಇಷ್ಟ, ಬಾಲಕ್ಕೆ ಎಣ್ಣೆ ಜಿಡ್ಡೆಂದರೆ ಇಷ್ಟ. ಬಾಲ ಜಿಡ್ಡನ್ನು ಹಿಡಿಯುತ್ತದೆ, ತಲೆ ನೀರಿನ ಜೊತೆ ಹೋಗುತ್ತದೆ, ಕೊಳೆ ಬಿಡುತ್ತದೆ. ಆದರೆ ಗಡಸು ನೀರಿನಲ್ಲಿ ಏನಾಗುತ್ತದೆ ಗೊತ್ತೆ? ಒಂದೊಂದು ಕ್ಯಾಲ್ಸಿಯಂ ಕಣವೂ ಎರಡೆರಡು ಸೋಪಿನ ತಲೆಗಳನ್ನು ಹಿಡಿದು ಕಟ್ಟಿಹಾಕುತ್ತದೆ. ಕಟ್ಟಿಹಾಕಿದ ಸೋಪು ನೀರಲ್ಲಿ ಕರಗದೆ ಗಸಿಯಾಗಿ ತೇಲುತ್ತದೆ. ಎಲ್ಲ ಕ್ಯಾಲ್ಸಿಯಂ ಹೀಗೆ ಸೋಪನ್ನು ನುಂಗಿ ಮುಗಿದ ಮೇಲೆ ಉಳಿದ ಸೋಪಿಗಷ್ಟೇ ನೊರೆ ಬರುತ್ತದೆ. ಗಡಸು ನೀರಿನ ಊರುಗಳಲ್ಲಿ ಸೋಪು ಬೇಗ ಖರ್ಚಾಗುವುದು ಇದಕ್ಕೇ.

ಭಾರತೀಯ ಮಾನಕ ಸಂಸ್ಥೆ ಕುಡಿಯುವ ನೀರಿಗೆ ಒಂದು ಅಳತೆ ಹಾಕಿದೆ. ಒಂದು ಲೀಟರಿನಲ್ಲಿ ಗಡಸುತನ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಸಿಗದ ಕಡೆ 600 ಮಿಲಿಗ್ರಾಂವರೆಗೂ ಒಪ್ಪಬಹುದು. 600 ಮಿಲಿಗ್ರಾಂ ಎಂದರೆ ಒಂದೆರಡು ಚಿಟಿಕೆ ಪುಡಿ, ಅಷ್ಟೇ! ಅಷ್ಟು ಪುಡಿ ಒಂದು ಲೀಟರ್ ನೀರಿನ ಸ್ವಭಾವವನ್ನೇ ಬದಲಿಸಿಬಿಡುತ್ತದೆ.

ನೀವೇ ಮಾಡಿ ನೋಡಿ. ಮುಚ್ಚಳವಿರುವ ಒಂದೇ ಅಳತೆಯ ಎರಡು ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಅರ್ಧದಷ್ಟು ಬೋರ್‌ವೆಲ್ ನೀರು, ಇನ್ನೊಂದಕ್ಕೆ ಅಷ್ಟೇ ಮಳೆನೀರು ಹಾಕಿ. ಮೈಗೆ ಹಚ್ಚುವ ಸೋಪನ್ನು ತುರಿದು ಎರಡಕ್ಕೂ ಒಂದೊಂದು ಚಿಟಿಕೆ ಹಾಕಿ. ಇಪ್ಪತ್ತು ಎಣಿಸುವ ತನಕ ಕುಲುಕಿ. ಯಾವುದರಲ್ಲಿ ನೊರೆ ಎಷ್ಟೆತ್ತರ ಬಂತು, ಯಾವುದರಲ್ಲಿ ನೀರು ಹಾಲಿನಂತೆ ಮಬ್ಬಾಯಿತು ಎಂದು ಬರೆದಿಡಿ. ಬಟ್ಟೆ ಒಗೆಯುವ ಡಿಟರ್ಜೆಂಟ್ ಪುಡಿ ಹಾಕಬೇಡಿ. ಕ್ಯಾಲ್ಸಿಯಂ ಕೈಗೆ ಸುಲಭವಾಗಿ ಸಿಗದಂತೆ ಅದನ್ನು ಮಾಡಿರುತ್ತಾರೆ, ಗಡಸು ನೀರಲ್ಲೂ ಅದು ನೊರೆ ಬಿಡುತ್ತದೆ.

ಗೀಚಿಗೆ ಮಣಿಯದ ಕಲ್ಲು

ಈಗ ಕಲ್ಲಿಗೆ ಬರೋಣ. ಇಲ್ಲಿ ‘ಹಾರ್ಡ್’ ಎಂದರೆ ಗೀಚಿದರೆ ಗೀರು ಬೀಳದು ಎಂದರ್ಥ. 1812ರಲ್ಲಿ ಫ್ರೀಡ್ರಿಕ್ ಮೋಸ್ ಎಂಬ ಖನಿಜ ವಿಜ್ಞಾನಿ ತುಂಬ ಸರಳವಾದ ಒಂದು ಉಪಾಯ ಮಾಡಿದರು. ಹತ್ತು ಖನಿಜಗಳನ್ನು ಸಾಲಾಗಿ ನಿಲ್ಲಿಸಿದರು. ನಿಯಮ ಒಂದೇ: ಹಿಂದಿರುವುದರ ಮೇಲೆ ಮುಂದಿರುವುದು ಗೀರಬೇಕು. ಆ ಸಾಲು ಹೀಗಿದೆ: ಟಾಲ್ಕ್, ಜಿಪ್ಸಮ್, ಕ್ಯಾಲ್ಸೈಟ್, ಫ್ಲೋರೈಟ್, ಅಪಟೈಟ್, ಫೆಲ್ಡ್‌ಸ್ಪಾರ್, ಕ್ವಾರ್ಟ್ಸ್ ಅಂದರೆ ಬೆಣಚುಕಲ್ಲು, ಟೊಪಾಜ್, ಕೊರಂಡಮ್, ವಜ್ರ. ಟಾಲ್ಕಿಗೆ 1 ಅಂಕ, ವಜ್ರಕ್ಕೆ 10.

ಈ ಸಾಲಿನಲ್ಲಿ ನಿಮಗೆ ಗೊತ್ತಿರುವವರೇ ಎಷ್ಟು ಜನ ಇದ್ದಾರೆ ನೋಡಿ. ಮಾಣಿಕ್ಯ, ನೀಲ ಎರಡೂ ಕೊರಂಡಮ್ಮೇ. ಕೊರಂಡಮ್ ಎಂಬ ಹೆಸರು ‘ಕುರುಂದಂ’ ಎಂಬ ತಮಿಳು ಮಾತಿನಿಂದ ಯುರೋಪಿಗೆ ಹೋದದ್ದು. ನಿಮ್ಮ ಹಲ್ಲಿನ ಹೊರಗಿನ ಬಿಳಿ ಹೊದಿಕೆಯಾದ ಎನಾಮಲ್ ಅಪಟೈಟಿನ ಬಳಗದ್ದು, ಅದಕ್ಕೆ ಸುಮಾರು 5 ಅಂಕ. ನಿಮ್ಮ ಇಡೀ ದೇಹದಲ್ಲಿ ಅದಕ್ಕಿಂತ ಗಡಸಾದದ್ದು ಬೇರೊಂದಿಲ್ಲ. ಉಗುರಿಗೆ ಎರಡೂವರೆ, ಗಾಜಿಗೆ ಐದೂವರೆ.

ಇನ್ನು ಸಾಲಿನ ಮೊದಲನೆಯ ಟಾಲ್ಕ್. ಅದು ನಿಮ್ಮ ಹಳೆಯ ಗೆಳೆಯ! ಮೈಗೆ ಹಚ್ಚುವ ಟಾಲ್ಕಂ ಪೌಡರಿನ ಹೆಸರು ಅದರಿಂದಲೇ ಬಂದದ್ದು. ಸ್ಲೇಟಿನ ಮೇಲೆ ಬರೆಯುವ ಬಳಪ ಬರುವ ಬಳಪದ ಕಲ್ಲಿನಲ್ಲೂ ಅದು ತುಂಬಿದೆ. ಬಳಪ ಸ್ಲೇಟಿಗಿಂತ ಮೃದು. ಹಾಗಾಗಿ ಎಳೆದಾಗ ಸ್ಲೇಟಿಗೆ ಗೀರು ಬೀಳುವುದಿಲ್ಲ, ಬಳಪವೇ ಸವೆದು ತನ್ನ ಪುಡಿಯನ್ನು ಸಾಲಾಗಿ ಬಿಟ್ಟು ಹೋಗುತ್ತದೆ. ನೀವು ಬರೆದ ಮೊದಲ ‘ಅ’ ಅಕ್ಷರ ಹಾಗೆ ಸವೆದ ಕಲ್ಲಿನ ಪುಡಿ.

ಬೇಲೂರಿಗೆ ಹೋಗಿದ್ದೀರಾ? ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯ ಅಲ್ಲಿದೆ. ಶಿಲಾಬಾಲಿಕೆಯರ ಬಳೆ, ಸರ, ಜಡೆಯ ಎಳೆಯನ್ನೂ ಎಣಿಸಬಹುದು. ಅಷ್ಟು ನಾಜೂಕಾಗಿ ಕೆತ್ತಲು ಸಾಧ್ಯವಾದದ್ದು ಶಿಲ್ಪಿಗಳ ಕೈಚಳಕದಿಂದ, ಜೊತೆಗೆ ಆ ಕಲ್ಲಿನ ಗುಣದಿಂದ. ಅದು ಟಾಲ್ಕ್, ಕ್ಲೋರೈಟ್‌ನಂಥ ಮೃದು ಖನಿಜಗಳಿರುವ ಬಳಪದ ಕಲ್ಲು. ಉಳಿಗೆ ಅದು ಮಣಿಯುತ್ತದೆ.

ಅದೇ ಹಾಸನ ಜಿಲ್ಲೆಯ ಶ್ರವಣಬೆಳಗೊಳಕ್ಕೆ ಬನ್ನಿ. ಸುಮಾರು 57 ಅಡಿ ಎತ್ತರದ ಗೊಮ್ಮಟ, ಸುಮಾರು 981ರಲ್ಲಿ ಮಾಡಿಸಿದ್ದು. ಅದು ಗ್ರಾನೈಟ್. ಗ್ರಾನೈಟಿನಲ್ಲಿ ಫೆಲ್ಡ್‌ಸ್ಪಾರ್ ಇದೆ, ಅದಕ್ಕೆ 6 ಅಂಕ. ಬೆಣಚುಕಲ್ಲೂ ಇದೆ, ಅದಕ್ಕೆ 7. ಇಲ್ಲಿ ಬಳೆ, ಸರಗಳ ಸೂಕ್ಷ್ಮ ಕೆತ್ತನೆ ಇಲ್ಲ. ನುಣುಪಾದ ದೊಡ್ಡ ಮೈ, ಸುತ್ತಿಕೊಂಡ ಬಳ್ಳಿ, ಶಾಂತವಾದ ಮುಖ. ಸಾವಿರ ವರ್ಷದ ಮಳೆ ಬಿಸಿಲನ್ನು ಬೆಟ್ಟದ ಮೇಲೆ ಬಯಲಿನಲ್ಲೇ ನಿಂತು ತಾಳಿಕೊಂಡಿದೆ. ಗಡಸು ಕಲ್ಲಿಗೆ ಅದರದೇ ಚೆಲುವು, ಮೃದು ಕಲ್ಲಿಗೆ ಅದರದೇ ಚೆಲುವು.

ಏಟಿಗೆ ಮಣಿಯುವ ವಜ್ರ

ಇಲ್ಲಿ ಅಕ್ಕನ ಮಗಳು ನನ್ನನ್ನು ತಡೆದಳು. “ಇರು ಚಿಕ್ಕಮ್ಮಾ. ಬೆಣಚುಕಲ್ಲು ಇಷ್ಟು ಗಡಸು ಅಂದ್ರೆ, ಉಳಿಯಿಂದ ಗೊಮ್ಮಟನನ್ನ ಕೆತ್ತಿದ್ದು ಹೇಗೆ?”

ಎಂಥ ಒಳ್ಳೆಯ ಪ್ರಶ್ನೆ! ಉತ್ತರ ಇಷ್ಟೇ: ಗೀಚಿಗೆ ಮಣಿಯದಿರುವುದು ಬೇರೆ, ಏಟಿಗೆ ಮಣಿಯದಿರುವುದು ಬೇರೆ. ಶಿಲ್ಪಿ ಗ್ರಾನೈಟನ್ನು ಗೀಚುತ್ತಾ ಕೂರುವುದಿಲ್ಲ. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಾನೆ. ಏಟಿಗೆ ಕಲ್ಲಿನ ಚಕ್ಕೆ ಹಾರುತ್ತದೆ. ಉಳಿಯ ಮೊನೆಯೂ ಬೇಗ ಮೊಂಡಾಗುತ್ತದೆ, ಅದನ್ನು ಮತ್ತೆ ಮತ್ತೆ ಹರಿತ ಮಾಡಿಸುತ್ತಿರಬೇಕು.

ಗಾಜಿನ ಲೋಟವನ್ನೂ ಪ್ಲಾಸ್ಟಿಕ್ ಲೋಟವನ್ನೂ ನೆನೆಯಿರಿ. ಗಾಜಿನ ಮೇಲೆ ಸುಲಭಕ್ಕೆ ಗೀರು ಬೀಳದು, ಆದರೆ ಕೈ ಜಾರಿದರೆ ಚೂರು ಚೂರು. ಪ್ಲಾಸ್ಟಿಕ್ಕಿನ ಮೈತುಂಬ ಗೀರು, ಆದರೆ ಹತ್ತು ಸಲ ಬಿದ್ದರೂ ಅದು ಒಡೆಯದು. ಎರಡರಲ್ಲಿ ಯಾವುದು ಗಟ್ಟಿ? ಯಾವುದರ ಎದುರು ಎಂದು ಕೇಳದೆ ಉತ್ತರ ಹೇಳಲಾಗುವುದಿಲ್ಲ. ವಜ್ರವೂ ಹಾಗೆಯೇ. ಕೊರಂಡಮ್‌ಗೆ 9, ವಜ್ರಕ್ಕೆ 10 ಎಂದಿದ್ದರೂ ಸೂಕ್ಷ್ಮ ಉಪಕರಣಗಳಿಂದ ಅಳೆದರೆ ವಜ್ರ ಅದಕ್ಕಿಂತ ಸುಮಾರು ನಾಲ್ಕು ಪಟ್ಟು ಗಡಸು. ಅಂಥ ವಜ್ರವನ್ನೂ ಕೆಲವು ದಿಕ್ಕುಗಳಲ್ಲಿ ಸರಿಯಾಗಿ ಏಟು ಕೊಟ್ಟರೆ ಸೀಳಬಹುದು. ಅದರೊಳಗಿನ ಪರಮಾಣುಗಳು ಕ್ರಮವಾಗಿ ಜೋಡಿಸಿದ ಪದರಗಳ ಹಾಗಿವೆ. ಸೌದೆಯನ್ನು ಎಳೆಯ ಜಾಡು ಹಿಡಿದು ಸೀಳಿದಂತೆ, ಆ ಪದರಗಳ ನಡುವೆ ವಜ್ರ ಸೀಳುತ್ತದೆ.

ಹಳ್ಳಿಯ ಕಮ್ಮಾರನಿಗೆ ಈ ವ್ಯತ್ಯಾಸ ಕೈಯಲ್ಲೇ ಗೊತ್ತು. ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಉಕ್ಕು ತುಂಬ ಗಡಸಾಗುತ್ತದೆ. ಆದರೆ ಹಾಗೇ ಬಿಟ್ಟರೆ ಕಲ್ಲಿಗೆ ತಾಗಿದಾಗ ಲಟ್ಟನೆ ಮುರಿಯಬಹುದು. ಅದಕ್ಕೇ ಅದನ್ನು ಮತ್ತೊಮ್ಮೆ ಹಗುರವಾಗಿ ಕಾಯಿಸುತ್ತಾನೆ. ಗಡಸುತನ ಒಂದಿಷ್ಟು ಇಳಿಯುತ್ತದೆ, ತಾಳಿಕೆ ಬರುತ್ತದೆ. ನಮ್ಮ ಹಿರಿಯರು ಇದಕ್ಕೆ ಇಟ್ಟ ಹೆಸರು ಎಷ್ಟು ಚೆನ್ನಾಗಿದೆ: ಹದ.

ಪೆನ್ಸಿಲ್ಲಿನ ಎಚ್ ಮತ್ತು ಬಿ

ನಿಮ್ಮ ಪೆನ್ಸಿಲ್ಲಿನ ತುದಿಯಲ್ಲಿ ‘ಎಚ್‌ಬಿ’ ಎಂದು ಬರೆದಿರುತ್ತದಲ್ಲ, ಅದರ ಎಚ್ ಎಂದರೆ ಹಾರ್ಡ್, ಬಿ ಎಂದರೆ ಬ್ಲ್ಯಾಕ್, ಅಂದರೆ ಕಪ್ಪು. ಎಚ್‌ಬಿ ಎರಡಕ್ಕೂ ನಡುವಿನದು. ಪೆನ್ಸಿಲ್ಲಿನ ಕಡ್ಡಿ ಕಾಗದಕ್ಕೆ ಎಷ್ಟು ಮಣಿಯುತ್ತದೆ ಎಂಬುದೇ ಇಲ್ಲಿನ ಅಳತೆ. ಕಡ್ಡಿಯಲ್ಲಿರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು. ಜೇಡಿಮಣ್ಣು ಹೆಚ್ಚಾದಷ್ಟೂ ಕಡ್ಡಿ ಗಡಸು, ಗೆರೆ ತೆಳು. ಗ್ರಾಫೈಟ್ ಹೆಚ್ಚಾದಷ್ಟೂ ಕಡ್ಡಿ ಮೃದು, ಗೆರೆ ದಟ್ಟ ಕಪ್ಪು. ಈ ಬೆರಕೆಯ ಉಪಾಯ ಹುಟ್ಟಿದ್ದು ಫ್ರಾನ್ಸಿನಲ್ಲಿ. ಬ್ರಿಟನ್ನಿನ ಜೊತೆ ಯುದ್ಧ ನಡೆಯುತ್ತಿದ್ದುದರಿಂದ ಅಲ್ಲಿನ ಒಳ್ಳೆಯ ಗ್ರಾಫೈಟ್ ಬರುವುದು ನಿಂತುಹೋಗಿತ್ತು. ನಿಕೊಲಾ ಜಾಕ್ ಕೊಂತೆ ಎಂಬವರು 1795ರಲ್ಲಿ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ ಸುಟ್ಟು ಕಡ್ಡಿ ಮಾಡಿದರು.

ಒಂದು ಸೋಜಿಗ ಹೇಳಲೇ? ಪೆನ್ಸಿಲ್ಲಿನ ಗ್ರಾಫೈಟ್ ಮತ್ತು ವಜ್ರ ಎರಡೂ ಒಂದೇ ವಸ್ತು, ಇಂಗಾಲ. ವಜ್ರದಲ್ಲಿ ಒಂದೊಂದು ಇಂಗಾಲದ ಪರಮಾಣುವೂ ಸುತ್ತಲಿನ ನಾಲ್ವರ ಕೈಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಗ್ರಾಫೈಟಿನಲ್ಲಿ ಮೂವರ ಕೈ ಹಿಡಿದು ಚಾಪೆಯಂತೆ ಹರಡಿಕೊಂಡಿರುತ್ತದೆ. ಚಾಪೆಯೊಳಗೆ ಹಿಡಿತ ಬಿಗಿ, ಒಂದು ಚಾಪೆಗೂ ಮೇಲಿನ ಇನ್ನೊಂದು ಚಾಪೆಗೂ ನಡುವೆ ಹಿಡಿತ ಸಡಿಲ. ನೀವು ಬರೆಯುವಾಗ ಆ ಚಾಪೆಗಳು ಒಂದೊಂದಾಗಿ ಜಾರಿ ಕಾಗದಕ್ಕೆ ಅಂಟುತ್ತವೆ. ಗಡಸುತನ ಇರುವುದು ಬರಿಯ ವಸ್ತುವಿನಲ್ಲಲ್ಲ, ಅದರೊಳಗಿನ ಕಣಗಳು ಕೈ ಹಿಡಿದ ಬಗೆಯಲ್ಲಿ.

ಹೆಸರು ನೋಡಿ ಮೋಸಹೋಗಬೇಡಿ

ಮರದ ವಿಷಯದಲ್ಲಿ ಮಾತ್ರ ನಮ್ಮ ಕೀಲಿಕೈ ಸ್ವಲ್ಪ ಸಿಕ್ಕಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಮರಗಳನ್ನು ‘ಹಾರ್ಡ್‌ವುಡ್’, ‘ಸಾಫ್ಟ್‌ವುಡ್’ ಎಂದು ಎರಡು ಗುಂಪು ಮಾಡುತ್ತಾರೆ. ತೇಗ, ಬೀಟೆ, ಹೊನ್ನೆ, ಮತ್ತಿ ಹಾರ್ಡ್‌ವುಡ್. ಪೈನ್, ದೇವದಾರು ಸಾಫ್ಟ್‌ವುಡ್. ಇಲ್ಲಿಯವರೆಗೆ ಸರಿ. ಆದರೆ ಸಸ್ಯ ವಿಜ್ಞಾನಿಗಳು ಗುಂಪು ಮಾಡುವುದು ಮೊಳೆ ಹೊಡೆದು ನೋಡಿ ಅಲ್ಲ. ಹೂ ಬಿಟ್ಟು, ಹಣ್ಣು ಕಾಯಿಯೊಳಗೆ ಬೀಜ ಕಟ್ಟುವ ಮರಗಳು ಹಾರ್ಡ್‌ವುಡ್. ಪೈನಿನಂತೆ ಹೂವಿಲ್ಲದೆ ಶಂಕುಗಳಲ್ಲಿ ಬೀಜ ಬಿಡುವ ಮರಗಳು ಸಾಫ್ಟ್‌ವುಡ್.

ಇದರಿಂದ ಒಂದು ವಿಚಿತ್ರ ಆಗುತ್ತದೆ. ದಕ್ಷಿಣ ಅಮೆರಿಕದ ಬಾಲ್ಸಾ ಮರ ಎಷ್ಟು ಮೃದು, ಎಷ್ಟು ಹಗುರ ಎಂದರೆ ಆಟದ ವಿಮಾನಗಳನ್ನು ಅದರಲ್ಲೇ ಮಾಡುತ್ತಾರೆ. 1947ರಲ್ಲಿ ‘ಕೊನ್-ಟಿಕಿ’ ಎಂಬ ತೆಪ್ಪ ಪೆಸಿಫಿಕ್ ಸಾಗರದಲ್ಲಿ ಪೆರುವಿನಿಂದ ಪಾಲಿನೇಷ್ಯಾದವರೆಗೆ ತೇಲಿದ್ದು ಬಾಲ್ಸಾ ದಿಮ್ಮಿಗಳ ಮೇಲೆ. ಉಗುರಿನಿಂದ ಒತ್ತಿದರೂ ತಗ್ಗು ಬೀಳುವ ಆ ಮರ ಹೂ ಬಿಡುವುದರಿಂದ ಹಾರ್ಡ್‌ವುಡ್! ನಮ್ಮ ಹೊಲದ ಬದುವಿನಲ್ಲಿ ಕೆಂಪು ಹೂ ಬಿಟ್ಟು, ಹತ್ತಿ ಹಾರಿಸುವ ಬೂರುಗದ ಮರ ಬಾಲ್ಸಾದ ದೂರದ ನೆಂಟ. ಅದೂ ಮೃದು, ಅದೂ ಹಾರ್ಡ್‌ವುಡ್. ಚನ್ನಪಟ್ಟಣದ ಬಣ್ಣದ ಗೊಂಬೆಗಳನ್ನು ಕಡೆಯುವ ಆಲೆ ಮರವೂ ಅಷ್ಟೇ. ಉಳಿಗೆ ಸುಲಭವಾಗಿ ಒಲಿಯುವ ಮರ, ಗುಂಪಿನ ಹೆಸರು ಮಾತ್ರ ಹಾರ್ಡ್‌ವುಡ್.

ಹೆಸರು ಇಟ್ಟವರು ಬಡಗಿಗಳು, ಗುಂಪು ಮಾಡಿದವರು ಸಸ್ಯ ವಿಜ್ಞಾನಿಗಳು. ಇಬ್ಬರ ಪ್ರಶ್ನೆಯೂ ಬೇರೆ ಬೇರೆ ಆದ್ದರಿಂದ ಈ ಗೊಂದಲ. ಪುಸ್ತಕದಲ್ಲಿ ಒಂದು ಹೆಸರು ಕಂಡಾಗ, ಇದನ್ನು ಯಾರು, ಏನು ನೋಡಿ ಇಟ್ಟರು ಎಂದು ಒಮ್ಮೆ ಯೋಚಿಸುವುದು ಒಳ್ಳೆಯದು.

ಬಾಗದ ತಟ್ಟೆ

ಪೇಟೆಯಲ್ಲಿ ‘ಹಾರ್ಡ್‌ವೇರ್’ ಎಂದು ಬೋರ್ಡ್ ಹಾಕಿದ ಅಂಗಡಿ ನೋಡಿರುತ್ತೀರಿ. ಮೊಳೆ, ಚಿಲಕ, ಬೀಗ, ತಂತಿ ಸಿಗುತ್ತವೆ. ಕಂಪ್ಯೂಟರ್ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಆ ಪದ ಇಂಥ ಸಾಮಾನುಗಳಿಗೆ ಇತ್ತು. ಕಂಪ್ಯೂಟರ್ ಬಂದ ಮೇಲೆ ಅದರ ಮುಟ್ಟಬಹುದಾದ ಭಾಗಗಳಿಗೂ ಅದೇ ಹೆಸರಾಯಿತು, ಮುಟ್ಟಲಾಗದ ಆಜ್ಞೆಗಳ ಸಾಲಿಗೆ ಸಾಫ್ಟ್‌ವೇರ್ ಎಂಬ ಹೆಸರು ಬಂತು.

ಹಾರ್ಡ್ ಡಿಸ್ಕ್ ಎಂದರೆ ಬಾಗದ ತಟ್ಟೆ. ಅಲ್ಯೂಮಿನಿಯಂ ಅಥವಾ ಗಾಜಿನ ಗಟ್ಟಿ ತಟ್ಟೆಗೆ ಕಾಂತದ ಗುಣವಿರುವ ತೆಳು ಲೇಪ ಕೊಟ್ಟು ಅದರಲ್ಲಿ ಮಾಹಿತಿ ಬರೆಯುತ್ತಾರೆ. ನಿಮ್ಮ ಅಪ್ಪ ಅಮ್ಮ ಓದುವ ಕಾಲದಲ್ಲಿ ಬಳಸುತ್ತಿದ್ದ ಫ್ಲಾಪಿ ಡಿಸ್ಕಿನೊಳಗೆ ತೆಳ್ಳಗೆ ಬಾಗುವ ತಟ್ಟೆ ಇರುತ್ತಿತ್ತು. ಐಬಿಎಂ ಕಂಪನಿ 1956ರಲ್ಲಿ ಮಾಡಿದ ಮೊದಲ ಹಾರ್ಡ್ ಡಿಸ್ಕ್ ಯಂತ್ರದಲ್ಲಿ ಎರಡೆರಡು ಅಡಿ ಅಗಲದ 50 ತಟ್ಟೆಗಳಿದ್ದವು. ಅಷ್ಟೆಲ್ಲ ಸೇರಿ ಅದರಲ್ಲಿ ಹಿಡಿಯುತ್ತಿದ್ದದ್ದು ಸುಮಾರು 5 ಮೆಗಾಬೈಟ್. ಇಂದಿನ ಫೋನಿನಲ್ಲಿ ತೆಗೆದ ಒಂದೆರಡು ಫೋಟೊಗೆ ಅದು ತುಂಬಿಹೋಗುತ್ತದೆ.

ಸೂರ್ಯನ ಕಿರಣ, ಚಂದ್ರನ ನೆಲ

ಬೆಳಕಿನಂಥ ಎಕ್ಸ್‌ರೇಗೆ ಗಟ್ಟಿ, ಮೃದು ಎಂಬುದೆಲ್ಲಿಂದ ಬಂತು? ಇಲ್ಲೂ ಅದೇ ಪ್ರಶ್ನೆ ಕೇಳಿ. ಶಕ್ತಿ ಹೆಚ್ಚಿರುವ ಎಕ್ಸ್‌ರೇ ಅಡ್ಡ ಬಂದ ವಸ್ತುವಿಗೆ ಮಣಿಯದೆ ತೂರಿಕೊಂಡು ಹೋಗುತ್ತದೆ, ಅದು ಹಾರ್ಡ್. ಶಕ್ತಿ ಕಡಿಮೆ ಇರುವುದು ಬೇಗ ತಡೆದು ನಿಲ್ಲುತ್ತದೆ, ಅದು ಸಾಫ್ಟ್.

ಸೂರ್ಯ ಎರಡು ಬಗೆಯನ್ನೂ ಚೆಲ್ಲುತ್ತಾನೆ. ಭೂಮಿಯ ಗಾಳಿ ಅವುಗಳನ್ನು ತಡೆಯುವುದರಿಂದ ನಾವು ಕ್ಷೇಮ, ಆದರೆ ನೋಡಬೇಕೆಂದರೆ ಗಾಳಿಯಿಂದ ಆಚೆ ಹೋಗಬೇಕು. 2023ರ ಸೆಪ್ಟೆಂಬರ್ 2ರಂದು ಇಸ್ರೋ ಹಾರಿಸಿದ ಆದಿತ್ಯ-ಎಲ್1 ನೌಕೆ ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಸೂರ್ಯನನ್ನು ನೋಡುತ್ತಿದೆ. ಅದರಲ್ಲಿ ಸಾಫ್ಟ್ ಎಕ್ಸ್‌ರೇ ನೋಡಲು ‘ಸೋಲೆಕ್ಸ್’, ಹಾರ್ಡ್ ಎಕ್ಸ್‌ರೇ ನೋಡಲು ‘ಹೀಲಿಯೋಸ್’ ಎಂಬ ಉಪಕರಣಗಳಿವೆ. ಎರಡನ್ನೂ ತಯಾರಿಸಿದ್ದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ.

ಚಂದ್ರನ ಮೇಲೆ ಇಳಿಯುವುದರಲ್ಲೂ ಹಾರ್ಡ್, ಸಾಫ್ಟ್ ಉಂಟು. ಅಪ್ಪಳಿಸಿದರೆ ಹಾರ್ಡ್, ಮೆಲ್ಲಗೆ ಕಾಲೂರಿದರೆ ಸಾಫ್ಟ್. 2008ರ ನವೆಂಬರ್ 14ರಂದು ಚಂದ್ರಯಾನ-1ರಿಂದ ಬಿಟ್ಟ ಪುಟ್ಟ ಪೆಟ್ಟಿಗೆ ಬೇಕೆಂತಲೇ ಚಂದ್ರನಿಗೆ ಡಿಕ್ಕಿ ಹೊಡೆಯಿತು. ದಾರಿಯುದ್ದಕ್ಕೂ ಮಾಹಿತಿ ಕಳಿಸುವುದೇ ಅದರ ಕೆಲಸ. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ಇಳಿಯುವ ನೌಕೆ ವಿಕ್ರಮ್ ಮೆಲ್ಲಗೆ ಇಳಿಯಬೇಕಾಗಿತ್ತು, ಆದರೆ ಕೊನೆಯ ಗಳಿಗೆಯಲ್ಲಿ ವೇಗ ಹತೋಟಿಗೆ ಬರದೆ ನೆಲಕ್ಕೆ ಅಪ್ಪಳಿಸಿತು. ಅಲ್ಲಿ ಕಲಿತದ್ದನ್ನೆಲ್ಲ ಸೇರಿಸಿ ಕಟ್ಟಿದ ಚಂದ್ರಯಾನ-3, 2023ರ ಆಗಸ್ಟ್ 23ರ ಸಂಜೆ ನಾವು ಸರಸರ ನಡೆಯುವಷ್ಟೇ ವೇಗಕ್ಕೆ ಇಳಿದು, ಕಾಲೂರಿ ನಿಂತಿತು. ಆ ಸಂಜೆ ನೀವೂ ಟಿವಿ ಮುಂದೆ ಕೂತಿದ್ದಿರೇನೋ.

ಲೆಕ್ಕ ಹಾರ್ಡ್, ಲೆಕ್ಕದಲ್ಲಿ ಗಟ್ಟಿ

ಇನ್ನು ಮನುಷ್ಯರ ಮಾತು. ಬುದ್ಧಿಗೆ ಬೇಗ ಮಣಿಯದ ಪ್ರಶ್ನೆ ಹಾರ್ಡ್. ಆಯಾಸಕ್ಕೆ ಮಣಿಯದ ದುಡಿಮೆ ‘ಹಾರ್ಡ್ ವರ್ಕ್’. ಕಣ್ಣೀರಿಗೂ ಮಣಿಯದ ಮನಸ್ಸಿಗೂ ಅದೇ ಪದ, ನಾವು ಕಲ್ಲು ಮನಸ್ಸು ಎನ್ನುವುದಿಲ್ಲವೇ ಹಾಗೆ. ಒಂದು ಕಡೆ ಮಾತ್ರ ಹುಷಾರಾಗಿರಿ. ಪದದ ಬಾಲಕ್ಕೆ ‘ಲಿ’ ಸೇರಿಸಿ ‘ಹಾರ್ಡ್‌ಲಿ’ ಎಂದರೆ ಅರ್ಥ ತಲೆಕೆಳಗು. ‘ಅವನು ಹಾರ್ಡ್ ಆಗಿ ಓದುತ್ತಾನೆ’ ಎಂದರೆ ಕಷ್ಟಪಟ್ಟು ಓದುತ್ತಾನೆ. ‘ಹಾರ್ಡ್‌ಲಿ ಓದುತ್ತಾನೆ’ ಎಂದರೆ ಓದುವುದೇ ಇಲ್ಲವೇನೋ ಎನ್ನುವಷ್ಟು ಕಡಿಮೆ!

ನಮ್ಮ ಕನ್ನಡದ ‘ಗಟ್ಟಿ’ ಏನು ಕಡಿಮೆಯೇ? ಗಟ್ಟಿ ಮೊಸರು ಎಂದರೆ ನೀರಾಗದ ಮೊಸರು. ಗಟ್ಟಿಯಾಗಿ ಓದು ಎಂದರೆ ಜೋರಾಗಿ ಓದು. ಚಿನ್ನದ ಗಟ್ಟಿ ಎಂದರೆ ಚಿನ್ನದ ಮುದ್ದೆ. ಮಗ್ಗಿ ಗಟ್ಟಿಯಾಗಿದೆ ಎಂದರೆ ಮರೆಯುವ ಹಾಗಿಲ್ಲ. ಇವುಗಳಲ್ಲಿ ನನಗೆ ತುಂಬ ಪ್ರೀತಿಯ ಮಾತು ಒಂದಿದೆ. ಇಂಗ್ಲಿಷಿನಲ್ಲಿ ‘ಲೆಕ್ಕ ಹಾರ್ಡ್’ ಎಂದರೆ ನಮ್ಮ ಕೈಗೆ ಸಿಗದ ಲೆಕ್ಕ. ಕನ್ನಡದಲ್ಲಿ ‘ಅವಳು ಲೆಕ್ಕದಲ್ಲಿ ಗಟ್ಟಿ’ ಎಂದರೆ ಲೆಕ್ಕವೇ ಅವಳಿಗೆ ಮಣಿಯುತ್ತದೆ. ಗಟ್ಟಿತನ ಲೆಕ್ಕದಿಂದ ಹುಡುಗಿಗೆ ಬಂದುಬಿಟ್ಟಿದೆ.

ಒಂದೇ ಕುಕ್ಕರಿನ ಎರಡು ಬೋಗುಣಿ

ಅಜ್ಜಿಯ ಬೇಳೆಯ ಕತೆ ಬಾಕಿ ಇದೆ. ಬೇಳೆಯ ಕಣಗಳನ್ನು ಒಂದಕ್ಕೊಂದು ಅಂಟಿಸಿ ಇಟ್ಟಿರುವುದು ಪೆಕ್ಟಿನ್ ಎಂಬ ವಸ್ತು. ಬೇಯಿಸಿದಾಗ ಅದು ಕರಗಬೇಕು, ಆಗಲೇ ಬೇಳೆ ಕರಗಿ ನುಣ್ಣಗಾಗುವುದು. ಗಡಸು ನೀರಿನ ಕ್ಯಾಲ್ಸಿಯಂ ಆ ಪೆಕ್ಟಿನ್ನಿನ ಎಳೆಗಳನ್ನು ಗಂಟು ಹಾಕಿಬಿಡುತ್ತದೆ. ಸೋಪಿನ ತಲೆ ಹಿಡಿದದ್ದು ಅದೇ ಕ್ಯಾಲ್ಸಿಯಂ, ಬೇಳೆಯನ್ನು ಬೇಯಲು ಬಿಡದ್ದೂ ಅದೇ. ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಪೆಕ್ಟಿನ್ ಬೇಗ ಕರಗುತ್ತದೆ, ಅಜ್ಜಿಯಂದಿರು ಹಾಗೆ ಹಾಕುವುದೂ ಉಂಟು. ಆದರೆ ಸೋಡಾ ಹೆಚ್ಚಾದರೆ ಬೇಳೆಯಲ್ಲಿರುವ ಬಿ1 ವಿಟಮಿನ್ ಹಾಳಾಗುತ್ತದೆ.

ಇದನ್ನು ಕೇಳಿದ ಮೇಲೆ ಅಕ್ಕನ ಮಗಳು ಸುಮ್ಮನೆ ಕೂರಲಿಲ್ಲ. ಅದೇ ವಾರ ಭರಣಿ ಮಳೆ ಬಂತು. ಅಂಗಳದ ನಡುವೆ ತೊಳೆದ ಪಾತ್ರೆ ಇಟ್ಟು ಮಳೆನೀರು ಹಿಡಿದಳು. ಮರುದಿನ ಅಜ್ಜಿಯ ಕುಕ್ಕರಿನೊಳಗೆ ಎರಡು ಬೋಗುಣಿ ಇಡಿಸಿದಳು. ಎರಡಕ್ಕೂ ಒಂದೇ ಡಬ್ಬಿಯ ತೊಗರಿಬೇಳೆ, ಒಂದೊಂದು ಹಿಡಿ. ಒಂದಕ್ಕೆ ಬೋರ್‌ವೆಲ್ ನೀರು, ಇನ್ನೊಂದಕ್ಕೆ ಅಷ್ಟೇ ಮಳೆನೀರು. “ಬೆಂಕಿ ಒಂದೇ, ವಿಷಲ್ ಒಂದೇ, ಬೇಳೆ ಒಂದೇ. ನೀರು ಮಾತ್ರ ಬೇರೆ. ಹಾಗಾಗಿ ಏನಾದ್ರೂ ವ್ಯತ್ಯಾಸ ಬಂದ್ರೆ ಅದು ನೀರಿಂದಾನೇ,” ಎಂದಳು. ಅವಳಿಗೆ ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ನಾಲ್ಕು ವಿಷಲ್ ಆದ ಮೇಲೆ ಕುಕ್ಕರ್ ತಣ್ಣಗಾಗುವ ತನಕ ಮೂವರೂ ಅದರ ಮುಂದೆ ಕೂತೆವು. ಮಳೆನೀರಿನ ಬೇಳೆ ಬೆರಳಲ್ಲಿ ಒತ್ತಿದರೆ ಬೆಣ್ಣೆಯಂತಾಯಿತು. ಬೋರ್‌ವೆಲ್ ನೀರಿನದು ಇನ್ನೂ ಕಾಳುಕಾಳಾಗಿ, ನಡುವೆ ಹರಳಿನಂತೆ ಉಳಿದಿತ್ತು. ಅಜ್ಜಿ ಎರಡನ್ನೂ ಮುಟ್ಟಿ ನೋಡಿ, “ನಾನು ಇಷ್ಟು ವರ್ಷ ಬೆಂಕಿ ಹೆಚ್ಚು ಮಾಡ್ತಿದ್ದೆ ಕಣೇ,” ಎಂದಳು.

ಸಂಜೆ ಹುಡುಗಿ ಭಿನ್ನರಾಶಿಯ ಲೆಕ್ಕಗಳನ್ನು ಹಿಡಿದು ಕೂತಳು. ಒಂದು ಲೆಕ್ಕ ಎಷ್ಟು ಸಲ ಮಾಡಿದರೂ ಬರುತ್ತಿರಲಿಲ್ಲ. “ಇದು ಹಾರ್ಡ್,” ಎಂದು ಪುಸ್ತಕ ಮುಚ್ಚಿದವಳು ಸ್ವಲ್ಪ ಹೊತ್ತು ಹಾಗೇ ಕೂತಳು. ಆಮೇಲೆ ಪುಸ್ತಕ ಮತ್ತೆ ತೆರೆದು, ಮೆಲ್ಲಗೆ ತನಗೆ ತಾನೇ ಹೇಳಿಕೊಂಡಳು: “ಬೆಂಕಿ ಹೆಚ್ಚು ಮಾಡೋದಲ್ಲ, ನೀರು ಬದಲಾಯಿಸ್ಬೇಕು.” ನೋಟ್‌ಬುಕ್ಕಿನಲ್ಲಿ ಒಂದು ರೊಟ್ಟಿಯ ಚಿತ್ರ ಬರೆದು, ಅದನ್ನು ಎಂಟು ಭಾಗ ಮಾಡಿ ಎಣಿಸತೊಡಗಿದಳು.